ಪೈಲ್ವಾನನ ಜಳಕ

ಕಲಬುರಗಿಯ ಗಿರಣಿಯ ಭೋಂಗಾ ಇನ್ನೂ ಕೂಗಿಲ್ಲ. ಕೋಟೆಯ ಹಿಂದಿನ ಓಣಿಯಲ್ಲಿ ದರ್ಜಿ ಮಾಪಣ್ಣನ ಮನೆಯ ಬಚ್ಚಲಲ್ಲಿ ಮಾತ್ರ ಆಗಲೇ ಗದ್ದಲ ಎದ್ದಿದೆ.

“ದೂರ ನಿಂತು ಎಳದ್ರ ನಾ ಬರ್ತೀನೇನು? ನಾ ಏನು ಬಾವ್ಯಾನ ಕೊಡ ಏನು? ಎದಿ ಹತ್ರ ತಾರೋ!”

ಬೈಯುತ್ತಿರುವವರು ಮಾಪಣ್ಣನ ತಂದೆ ಕಾಶಿರಾಯ. ಒಂದು ಕಾಲಕ್ಕೆ ಕಮಲಾಪುರದ ಹೆಸರಾಂತ ಪೈಲ್ವಾನರು. ಈಗ ಎಡಗೈ, ಎಡಗಾಲು ಮಾತು ಕೇಳುವುದಿಲ್ಲ. ಮೈಯ ಗಾತ್ರ ಮಾತ್ರ ಹಾಗೇ ಇದೆ. ಮಗನೋ ಕಡ್ಡಿಯಂಥ ಆಸಾಮಿ. ಜೋರು ಗಾಳಿ ಬಂದರೆ ಹೊಲಿಯುವ ಅಂಗಿಯ ಜೊತೆ ಇವನೂ ಹಾರಿಹೋದಾನು ಎಂದು ಓಣಿಯವರು ನಗುತ್ತಾರೆ. ಆ ಕಡ್ಡಿ ಈ ಗುಡ್ಡವನ್ನು ದಿನವೂ ಹೊರಸಿನಿಂದ ಬಚ್ಚಲ ಮಣೆಗೆ, ಮಣೆಯಿಂದ ಮತ್ತೆ ಹೊರಸಿಗೆ ದಾಟಿಸುತ್ತದೆ.

ಹೋದ ವರ್ಷ ಜೋಳದ ರಾಶಿಯ ಹೊತ್ತಿನಲ್ಲಿ ಕಾಶಿರಾಯರಿಗೆ ಲಕ್ವಾ ಹೊಡೆಯಿತು. ಮಾಪಣ್ಣ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅವರನ್ನು ಕಮಲಾಪುರದಿಂದ ಇಲ್ಲಿಗೆ ಕರೆತಂದ. ಮೊದಲ ಸಲ ಮೈ ತೊಳೆಸಲು ಹೋದಾಗ ಹಸಿ ಕಲ್ಲಿನ ಮೇಲೆ ಕಾಲು ಜಾರಿ ಅಪ್ಪ, ಮಗ ಇಬ್ಬರೂ ಬಿದ್ದರು. ಪೆಟ್ಟಾಗಲಿಲ್ಲ. ಆದರೆ ಕಾಶಿರಾಯರ ಮನಸ್ಸು ಮುರಿಯಿತು.

“‘ಸತ್ತ ಮ್ಯಾಲ ಹೆಂಗೂ ತೊಳೀತೀರಿ. ಅಲ್ಲೀತನಕ ನನ್ನ ಮುಟ್ಟಬ್ಯಾಡ್ರಿ’ ಅಂದಬಿಟ್ರು,” ಎನ್ನುತ್ತಾನೆ ಮಾಪಣ್ಣ. ಒದ್ದೆ ಅರಿವೆಯಿಂದ ಒರೆಸಲೂ ಬಿಡಲಿಲ್ಲವಂತೆ. ವಾರಗಳು ಉರುಳಿದವು. ಬೆನ್ನಿನ ಮೇಲೆ ಹುಣ್ಣು ಏಳತೊಡಗಿತು. ಯಾರೂ ಒಳಗೆ ಬರಬಾರದೆಂದು ಕೋಣೆಯ ಬಾಗಿಲು ಮುಚ್ಚಿಸಿಕೊಂಡರು.

ಆ ಬಾಗಿಲು ನೂಕಿಕೊಂಡು ಒಳಗೆ ಬಂದವರು ಜಹೀರುದ್ದೀನ್. ಹರೆಯದಲ್ಲಿ ಕಾಶಿರಾಯರ ಜೊತೆ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಕುಸ್ತಿ ಆಡಿದವರು. ಬಂದವರೇ ಮೂಗು ಮುಚ್ಚಿಕೊಂಡು, “ಅರೆ ಯಾರ್, ಕುಸ್ತಿ ಮುಗದ ಮ್ಯಾಲೂ ನೀ ಇಷ್ಟು ನಾರ್ತಿದ್ದಿಲ್ಲಲ್ಲೋ!” ಎಂದರು. ಎಷ್ಟೋ ದಿನದ ಮೇಲೆ ಕಾಶಿರಾಯರು ನಕ್ಕರು. ನಡೆದದ್ದನ್ನೆಲ್ಲ ಹೇಳಿಕೊಂಡರು. ಜಹೀರುದ್ದೀನ್ ಕೇಳಿ ಹೇಳಿದ್ದು ಇಷ್ಟೇ: “ಮಗನಿಗೆ ಒಂದು ಪಟ್ಟೂ ಕಲಿಸಲಿಲ್ಲ. ಈಗ ಕೆಡವಿದ ಅಂತ ಬೈತಿ. ತಪ್ಪು ಯಾರ್ದು?”

ಮಗ ಸಣಕಲ, ಕುಸ್ತಿಗೆ ಬಾರದವನು ಎಂದು ಕಾಶಿರಾಯರು ಅವನನ್ನು ಗರಡಿಗೆ ಕರೆದೊಯ್ದಿರಲೇ ಇಲ್ಲ. ಮರುದಿನ ಬೆಳಗಾಗುತ್ತಲೇ ಅವರು ಮಗನನ್ನು ಕೂಗಿದರು: “ಬಾರೋ, ಕಾಲು ಅಗಲ ಮಾಡಿ ನಿಂದ್ರು.”

ಹೀಗೆ ಬಚ್ಚಲೇ ಗರಡಿಯಾಯಿತು. ತೋಳಬಲದಿಂದ ಎತ್ತಬಾರದು, ಅಪ್ಪನ ಸ್ವಾಧೀನ ತಪ್ಪಿದ ಮಂಡಿಗೆ ತನ್ನ ಮಂಡಿ ಆನಿಸಬೇಕು, ಅಪ್ಪ ಮುಂದಕ್ಕೆ ಬಾಗಿದಾಗ ಸೊಂಟ ಹಿಡಿದು, ಇಬ್ಬರೂ ಕೂಡಿಯೇ ಏಳಬೇಕು, ತಿರುಗಬೇಕು. ಪಟ್ಟು ಅಪ್ಪನದು. ಉಳಿದದ್ದು ದರ್ಜಿಯದು. ಡೇರೆಯ ಬಟ್ಟೆಯನ್ನು ನಾಲ್ಕು ಪದರ ಮಾಡಿ ಹೊಲಿದು, ಎರಡೂ ಬದಿಗೆ ಹಿಡಿಕೆ ಇಟ್ಟು ಮಾಪಣ್ಣ ಅಪ್ಪನ ಸೊಂಟಕ್ಕೆ ಕಟ್ಟುವ ಒಂದು ನಡುಪಟ್ಟಿ ತಯಾರಿಸಿದ್ದಾನೆ. ಕಲ್ಲಿನ ಮೇಲೆ ಗೋಣಿತಟ್ಟು ಹಾಸುತ್ತಾನೆ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುತ್ತಾನೆ. ಮೊದಲ ತಂಬಿಗೆ ಪಾದಕ್ಕೆ, ಆಮೇಲೆ ಮೈಗೆ, ಕಡೆಗೆ ತಲೆಗೆ. ಬೆನ್ನಿನ ಹುಣ್ಣು ಈಗ ಪೂರ್ತಿ ಮಾದಿದೆ.

“ಅಪ್ಪನ ಮಾನ ದೊಡ್ಡದ್ರಿ. ಅದಕ್ಕ ಒಂದು ಪಂಚಿ ಮೈಮ್ಯಾಲ ಇದ್ದೇ ಇರ್ತದ. ಅದರೊಳಗೇ ಕೈ ಹಾಕಿ ತೊಳೀತೀನಿ,” ಎನ್ನುತ್ತಾನೆ.

ಸುದ್ದಿ ಕಮಲಾಪುರಕ್ಕೂ ಮುಟ್ಟಿದೆ. ನಿಜಾಮ ಸರಕಾರದ ಕಚೇರಿಗಳಿಗೆ ವಾರದ ರಜೆಯಿರುವ ಶುಕ್ರವಾರ ಮಾಪಣ್ಣನ ಅಂಗಡಿಯಲ್ಲೂ ಗಿರಾಕಿ ಕಡಿಮೆ. ಅಂದು ಅವನು ಕಮಲಾಪುರಕ್ಕೆ ಹೋಗಿ ಕೇಳಿದವರಿಗೆ ಪಟ್ಟು ತೋರಿಸಿ ಬರುತ್ತಾನೆ. ಕಳೆದ ಶುಕ್ರವಾರ ಇದನ್ನು ಬರೆಯುತ್ತಿರುವ ನಾನೂ ಜೊತೆಗಿದ್ದೆ. ಸೊಂಟ ಮುರಿದು ಕೂತ ಅಂಬಮ್ಮನವರನ್ನು ಎಬ್ಬಿಸುವುದು ಸೊಸೆ ಸೂಗಮ್ಮನಿಗೆ ಗೊತ್ತಿಲ್ಲ. ಪರಗಂಡಸು ಮುಟ್ಟಿ ತೋರಿಸುವ ಹಾಗಿಲ್ಲ. ಮಾಪಣ್ಣ ಏನು ಮಾಡಬೇಕು? ತಲೆಯ ಮೇಲೆ ಸೀರೆಯ ಸೆರಗು ಹೊದ್ದು, “ನಾನೇ ನಿಮ್ಮ ಅತ್ತಿ ತಿಳೀರಿ,” ಎಂದು ಮಣೆಯ ಮೇಲೆ ಕೂತ. ತಾನೇ ಆ ನಡುಪಟ್ಟಿ ಕಟ್ಟಿಕೊಂಡು ಹಿಡಿಕೆಗಳನ್ನು ಸೂಗಮ್ಮನ ಗಂಡನ ಕೈಗೆ ಕೊಟ್ಟ. ಗಂಡ ಎಬ್ಬಿಸಿದ, ಸೂಗಮ್ಮ ನೋಡಿ ಕಲಿತಳು. ಹೊರಸಿನ ಮೇಲಿದ್ದ ಅಂಬಮ್ಮ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡರು. “ಅತ್ತಿ ಆಗಿ ನಿನಗಿಂತ ಛಂದ ಸ್ವಸಿ ಮಾತು ನಾನ ಕೇಳ್ತೀನಿ ಬಿಡೋ!” ಎಂದರು. ಸ್ವಲ್ಪ ಹೊತ್ತಿಗೆ ಗಂಡಸರನ್ನೆಲ್ಲ ಹೊರಗಟ್ಟಿ ಅತ್ತೆ, ಸೊಸೆ ಬಚ್ಚಲು ಹೊಕ್ಕರು. ಒಳಗಿಂದ ನೀರಿನ ಸದ್ದು ಕೇಳಿದ ಮೇಲೆಯೇ ಮಾಪಣ್ಣ ಎದ್ದ. ಬುತ್ತಿಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಸಿಕ್ಕಿತು.

ನಿನಗೇನು ಬೇಕಪ್ಪಾ ಎಂದು ಕೇಳಿದರೆ ಅವನು ಬಹಳ ಯೋಚಿಸುತ್ತಾನೆ. “ಥಂಡಿ ಬರಾಕತ್ತದ್ರಿ. ಬಚ್ಚಲಕ್ಕ ಒಂದು ಬಾಗ್ಲಾ ಹಚ್ಚಿಸಬೇಕು. ಅಪ್ಪಗ ಗಾಳಿ ಬಡೀತದ.”

ಜಳಕ ಮುಗಿದಿದೆ. ತಲೆ ಬಾಚಿಸಿಕೊಂಡು, ವಿಭೂತಿ ಹಚ್ಚಿಕೊಂಡು ಕಾಶಿರಾಯರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಾರೆ. ಮಗ ಅಂಗಡಿಗೆ ಹೊರಟದ್ದನ್ನು ನೋಡಿ ನನ್ನ ಕಡೆ ಬಾಗುತ್ತಾರೆ.

“ಸುತ್ತ ಸೀಮಿಯೊಳಗ ನನ್ನ ನೆಲಾ ಬಿಡಿಸಿ ಎತ್ತಿದ ಗಂಡಸು ಒಬ್ಬನೂ ಇದ್ದಿದ್ದಿಲ್ರೀ. ಇಂವ ದಿನಾ ಎತ್ತತಾನ.”