ಓಣಿಗೆಲ್ಲ ಹಂಚಿದ ಬದನೆಕಾಯಿ

ಮನೆಯಲ್ಲೇ ಕಾಯಿಪಲ್ಲೆ ಬೆಳೆಯುವುದರಿಂದ ಏನಾದರೂ ಉಪಯೋಗ ಇದೆಯೇ ಎಂದು ನನ್ನ ತಂಗಿಯ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು. ಹುಬ್ಬಳ್ಳಿಯಲ್ಲಿ ಅವಳದು ಮೂರನೇ ಮಹಡಿಯ ಮನೆ. ಗಿಡದ ಚೀಲ, ತೆಂಗಿನ ನಾರಿನ ಪುಡಿ, ಸಣ್ಣ ಗುದ್ದಲಿ ಎಲ್ಲವನ್ನೂ ತರಿಸಿಟ್ಟು ಆಮೇಲೆ ನನ್ನನ್ನು ಕೇಳುತ್ತಿದ್ದಾಳೆ. ನಮ್ಮ ಮನೆತನವೇ ಹೀಗೆ, ಕೆಲಸ ಮಾಡಿ ಮುಗಿಸಿದ ಮೇಲೆ ಸಲಹೆ ಕೇಳುವವರು ನಾವು. "ನೀ ಬೆಳದಿದ್ದೆಲ್ಲ ಮಾವಶಿ, ನೀನ ಹೇಳು" ಎಂದಳು. ಹೌದು, ಬೆಳೆದಿದ್ದೆ. ದಾಂಡೇಲಿಯ ಅಂಬೇವಾಡಿಯ ನಮ್ಮ ಓಣಿಯಲ್ಲಿ ನನ್ನಷ್ಟು ಬೆಳೆದವರು ಇನ್ನೊಬ್ಬರಿಲ್ಲ. ಆದರೂ ಅವಳಿಗೆ ನೆಟ್ಟಗೊಂದು ಉತ್ತರ ಕೊಡಲಾಗಲಿಲ್ಲ.

ನಾವು ಧಾರವಾಡ ಕಡೆಯ ಎರೆಮಣ್ಣಿನ ಊರಿನವರು. ನಮ್ಮ ಮನೆಯವರಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ದಾಂಡೇಲಿಗೆ ಬಂದೆವು. ಬಂದ ಹೊಸತರಲ್ಲಿ ನನಗೆ ಇಲ್ಲಿಯ ಯಾವುದೂ ಸೇರುತ್ತಿರಲಿಲ್ಲ. ಮಣ್ಣು ಕೆಂಪು, ಅಗೆದರೆ ಬರೀ ಕಲ್ಲು, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬದನೆಕಾಯಿಗೆ ರುಚಿಯಿಲ್ಲ. ಎಣ್ಣೆಗಾಯಿ ಮಾಡಿ ರೊಟ್ಟಿಯ ಜೊತೆ ತಟ್ಟೆಗೆ ಹಾಕಿದರೆ ನಮ್ಮ ಮನೆಯವರು ಮಾತಿಲ್ಲದೆ ಉಣ್ಣುತ್ತಿದ್ದರು. ಅವರು ಮಾತಿಲ್ಲದೆ ಉಂಡರೆ ಅಡುಗೆ ಕೆಟ್ಟಿದೆ ಎಂದೇ ಅರ್ಥ.

ಈ ಗೊಣಗಾಟ ನಿಂತದ್ದು ಕಾಯಿಪಲ್ಲೆ ಮಾರುವ ಒಬ್ಬ ಹೆಂಗಸು ನಮ್ಮ ಓಣಿಗೆ ಬರತೊಡಗಿದ ಮೇಲೆ. ಹಳಿಯಾಳ ರಸ್ತೆಯ ಒಂದು ಸಣ್ಣ ಹಳ್ಳಿಯಿಂದ ಮೊದಲ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬರುತ್ತಿದ್ದಳು. ಬುಟ್ಟಿಯಲ್ಲಿದ್ದುದೆಲ್ಲ ಅವಳ ಗುಡಿಸಲ ಹಿಂದಿನ ತುಂಡು ನೆಲದಲ್ಲಿ ಅವಳೇ ಬೆಳೆದದ್ದು. ಎಳೆಯ ಪುಂಡಿ ಸೊಪ್ಪು, ಮೆಂತ್ಯ, ಬೆಂಡೆ, ಮತ್ತೆ ಮೈಮೇಲೆ ಬಿಳಿ ಗೀರಿರುವ ಹಸಿರು ಬದನೆ. ನಮ್ಮ ಊರಿನದೇ ಬದನೆ ಎನ್ನಿಸುವಂಥದ್ದು. ಕಾಯಿಪಲ್ಲೆ ಮಾರುವ ಈ ಹೆಂಗಸರಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬಳ ಓಣಿಗೆ ಇನ್ನೊಬ್ಬಳು ಕಾಲಿಡುವುದಿಲ್ಲ. ನಮ್ಮ ಓಣಿ ಅವಳದು. ಅವಳಿಗಿದ್ದದ್ದು ಅದೊಂದೇ.

ದಿನದ ಮೊದಲ ಮಾರಾಟ, ಅಂದರೆ ಬೋಣಿಗೆ, ನನ್ನ ಕೈಯಿಂದಲೇ ಆಗಬೇಕು ಎಂಬುದು ಅವಳ ಹಟ. "ನಿಮ್ಮ ಕೈಗುಣ ಚಲೋ ಐತ್ರಿ ಅಕ್ಕಾರ, ನೀವು ಬೋಣಿಗಿ ಮಾಡಿದ ದಿವಸ ಬುಟ್ಟಿ ಖಾಲಿ ಆಕ್ಕೈತಿ" ಎನ್ನುತ್ತಿದ್ದಳು. ನನಗೂ ಒಳಗೊಳಗೇ ಹೆಮ್ಮೆ. ಗೇಟಿನ ಹತ್ತಿರ ಅವಳ ದನಿ ಕೇಳಿದರೆ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಹೊರಗೆ ಬರುತ್ತಿದ್ದೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಹೆಚ್ಚಿದ ಬದನೆಕಾಯಿಯಲ್ಲಿ ಹುಳು ಸಿಕ್ಕಿತು. ಆ ಅರ್ಧ ಹೋಳನ್ನು ಬಿಸಾಡದೆ ಇಟ್ಟುಕೊಂಡು, ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅವಳ ಮುಖಕ್ಕೆ ಹಿಡಿದೆ. ಅವಳು ನಕ್ಕುಬಿಟ್ಟಳು.

"ಹುಳಾ ತಿಂದೈತಿ ಅಂದ್ರ ಔಷಧ ಹೊಡದಿಲ್ಲ ಅಂತ ಅರ್ಥರಿ."

"ಹಂಗಾರ ನಾನ ಬೆಳೀತೇನಿ ಬಿಡು. ನೋಡೂಣು, ನನಗ ಬರೂದಿಲ್ಲೇನು" ಎಂದೆ.

ನಾನು ಸಿಟ್ಟಿನಲ್ಲಿ ಅಂದದ್ದನ್ನು ಅವಳು ನಿಜವೆಂದೇ ತಿಳಿದಳು. ಎರಡು ದಿನ ಬಿಟ್ಟು ಸೆರಗಿನ ತುದಿಯಲ್ಲಿ ಬದನೆ ಬೀಜ ಕಟ್ಟಿಕೊಂಡು ಬಂದಳು. "ಬೂದಿ ಕಲಸಿ ಚೆಲ್ರಿ, ಇಲ್ಲಂದ್ರ ಇರವಿ ಒಯ್ತಾವು" ಎಂದು ಹೇಳಿಕೊಟ್ಟಳು. ಸಸಿ ಗೇಣುದ್ದ ಬೆಳೆದ ಮೇಲೆ ಬುಟ್ಟಿಯನ್ನು ಕಂಪೌಂಡಿನ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ನನ್ನ ಹಿತ್ತಲಿನಲ್ಲಿ ಸಾಲು ಹಿಡಿದು ನೆಟ್ಟವಳೂ ಅವಳೇ. ನಾನು ನೀರು ಹಾಕಿದೆ, ಅಷ್ಟೇ. ಇಂಥದನ್ನೆಲ್ಲ ನಾನು ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದವರಿಗೆಲ್ಲ ನಾನೇ ಮಾಡಿದೆ ಎನ್ನುತ್ತಿದ್ದೆ.

ಆ ವರ್ಷ ಬದನೆ ಬಂತು ನೋಡಿ, ಹೇಳತೀರದು. ಗಿಡ ಬಗ್ಗಿ ನೆಲಕ್ಕೆ ತಾಗಿತು. ಬದನೆಯ ಹಿಂದೆ ಬೆಂಡೆ, ಬೇಲಿಗೆ ಹೀರೇಕಾಯಿ, ಮೂಲೆಯಲ್ಲಿ ಒಂದು ಪಪ್ಪಾಯಿ. ಇಬ್ಬರೇ ಇರುವ ಮನೆ, ಎಷ್ಟೆಂದು ತಿನ್ನುವುದು? ಓಣಿಯ ಮನೆಮನೆಗೂ ಹಂಚತೊಡಗಿದೆ. ಅಗಲವಾದ ಪರಾತದಲ್ಲಿ ತುಂಬಿಕೊಂಡು ಹೊರಟರೆ ತಿರುಗಿ ಬರುವುದಕ್ಕೆ ಮಧ್ಯಾಹ್ನವಾಗುತ್ತಿತ್ತು. ಒಬ್ಬರ ಮನೆಯಲ್ಲಿ ಚಹಾ, ಇನ್ನೊಬ್ಬರ ಮನೆಯಲ್ಲಿ ಹೊಗಳಿಕೆ. "ನಿನ್ನ ಹಿತ್ತಲಾ ಇರೂತನಕಾ ನಮಗ ಚಿಂತಿಲ್ಲ ಬಿಡವಾ" ಎಂದು ಎದುರು ಮನೆಯ ಹಿರಿಯಳು ಅಂದಾಗ ನಾನು ಉಬ್ಬಿಹೋದೆ. "ಇನ್ನ ನಾ ಡ್ಯೂಟಿ ಬಿಟ್ಟು ನಿನ್ನ ಬುಟ್ಟಿ ಹೊರತೇನಿ" ಎಂದು ನಮ್ಮ ಮನೆಯವರು ಚಾಷ್ಟಿ ಮಾಡುತ್ತಿದ್ದರು.

ಆಗ ಆ ಹೆಂಗಸಿನ ಬುಟ್ಟಿ ತುಂಬಿದ್ದು ತುಂಬಿದಂತೆಯೇ ತಿರುಗಿ ಹೋಗುತ್ತಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾದೀತು. ಬಿದ್ದಿತ್ತು. ಯಾವುದೋ ಒಂದು ಮನೆಯಲ್ಲಿ ಕೊಂಡಾರು ಎಂದುಕೊಂಡು ಸುಮ್ಮನಿದ್ದೆ. ಎಲ್ಲ ಮನೆಗೂ ನಾನೇ ಕೊಟ್ಟು ಬಂದಿದ್ದೆನಲ್ಲ, ಇನ್ನು ಕೊಳ್ಳುವವರು ಯಾರು ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಅವಳು ಮಾತ್ರ ದಿನವೂ ಮೊದಲು ನನ್ನ ಗೇಟಿಗೇ ಬರುತ್ತಿದ್ದಳು. ಬೋಣಿಗೆಗೆ ಎಂದು ಒಂದು ಸಿವುಡು ಕೊತ್ತಂಬರಿ ಕೊಳ್ಳುತ್ತಿದ್ದೆ. ಬರಬರುತ್ತ ಅದೂ ಬೇಡದ ಕೆಲಸ ಎನ್ನಿಸತೊಡಗಿತು.

ಒಂದು ಬೆಳಿಗ್ಗೆ ಮಂಗಗಳು ಬಂದು ಹೀರೆಯ ಚಪ್ಪರ ಕಿತ್ತು ಹಾಕಿದ್ದವು. ನಾನು ಕೋಲು ಹಿಡಿದು ಬೈಯುತ್ತ ನಿಂತಿದ್ದೆ. ಅಷ್ಟರಲ್ಲಿ ಗೇಟಿನಲ್ಲಿ ಅವಳ ದನಿ ಕೇಳಿತು. ಮಂಗನ ಮೇಲಿನ ಸಿಟ್ಟು ಅವಳ ಮೇಲೆ ತಿರುಗಿತು.

"ದಿನಾ ಬಂದು ನಿಂದರಬ್ಯಾಡ. ನಮ್ಮ ಮನ್ಯಾಗ ಎಲ್ಲಾ ಐತಿ" ಎಂದೆ.

ಅವಳು ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು. ಅಂದದ್ದು ಹೆಚ್ಚಾಯಿತು ಎಂದು ನನಗೂ ಅನ್ನಿಸಿತು. ಅದನ್ನು ಸರಿಮಾಡಲು ಹೋಗಿ ಇನ್ನೂ ಕೆಡಿಸಿದೆ. ಆಗ ತಾನೆ ಕಿತ್ತಿಟ್ಟಿದ್ದ ನಾಲ್ಕು ಬದನೆಕಾಯಿ ತಂದು ಅವಳ ಬುಟ್ಟಿಯಲ್ಲಿ ಹಾಕಿ, "ಇವನ್ನೂ ಮಾರಿಕೊ, ಪುಕ್ಕಟೆ ಕೊಟ್ಟೇನಿ" ಎಂದೆ. ಬೋಣಿಗೆಯಾಗದ ಬುಟ್ಟಿಯಿಂದ ಉದ್ರಿ ಕೊಡುವುದಿಲ್ಲ, ಅದರೊಳಗೆ ಪುಕ್ಕಟೆ ಏನೂ ಬೀಳಬಾರದು, ಬಿದ್ದರೆ ಆ ದಿನದ ವ್ಯಾಪಾರ ಕೆಟ್ಟಿತೆಂದೇ ನಂಬಿಕೆ. ಧಾರವಾಡ ಕಡೆಯವಳಾದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ನನ್ನ ತವರಿನ ಸಂತೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಜಗಳವೇ ಆಗುತ್ತಿತ್ತು. ಅವಳು ಜಗಳವಾಡಲಿಲ್ಲ. ಆ ನಾಲ್ಕೂ ಕಾಯಿಗಳನ್ನು ಒಂದೊಂದಾಗಿ ತೆಗೆದು ಕಂಪೌಂಡಿನ ಮೇಲೆ ಸಾಲಾಗಿ ಇಟ್ಟಳು. "ಇರ್ಲಿ ಬಿಡ್ರಿ ಅಕ್ಕಾರ" ಎಂದಷ್ಟೇ ಹೇಳಿ, ಓಣಿಯೊಳಗೆ ಹೋಗದೆ ಬಂದ ದಾರಿಯಲ್ಲೇ ತಿರುಗಿ ಹೋದಳು.

ಆಮೇಲೆ ಅವಳು ಬರಲಿಲ್ಲ. ಮೊದಮೊದಲು ನನಗೆ ಹಾಯೆನಿಸಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮುಂದಿನ ಮಳೆಗಾಲಕ್ಕೆ ಹಿತ್ತಲಿನಲ್ಲಿ ನೀರು ನಿಂತು ಬದನೆಯ ಬೇರು ಕೊಳೆಯಿತು. ಉಳಿದ ಸಸಿಗಳನ್ನು ಬಸವನಹುಳು ತಿಂದವು. ಬೂದಿ ಹಾಕಬೇಕೋ ಸುಣ್ಣ ಹಾಕಬೇಕೋ ಕೇಳೋಣವೆಂದರೆ ಕೇಳುವುದು ಯಾರನ್ನು? ಮರುವರ್ಷ ಮತ್ತೆ ಹಾಕಿದೆ, ಮತ್ತೆ ಹೋಯಿತು. ಪಪ್ಪಾಯಿಯನ್ನಂತೂ ಹಣ್ಣಾಗುವವರೆಗೆ ಮಂಗಗಳು ನಮಗೆ ಬಿಟ್ಟದ್ದೇ ಇಲ್ಲ. ನನ್ನ ಮಂಡಿಗೆ ನೋವು ಹತ್ತಿದ ಮೇಲೆ ಹಿತ್ತಲಿಗೆ ಸಿಮೆಂಟು ಹಾಕಿಸಿದೆವು. ಈಗ ಅಲ್ಲಿ ನಮ್ಮ ಮನೆಯವರ ಸ್ಕೂಟರ್ ನಿಲ್ಲುತ್ತದೆ. ಓಣಿಯವರೆಲ್ಲ ಕಾಯಿಪಲ್ಲೆಯನ್ನು ಅಂಗಡಿಯಿಂದ ತರುತ್ತೇವೆ. ಅಲ್ಲಿಗೆ ಬರುವಷ್ಟರಲ್ಲೇ ಅದು ಬಾಡಿರುತ್ತದೆ. ಆ ಹೆಂಗಸು ಯಾಕೆ ಬರುವುದನ್ನು ಬಿಟ್ಟಳು ಎಂದು ಅಕ್ಕಪಕ್ಕದವರು ಆಗಾಗ ಮಾತಾಡಿಕೊಳ್ಳುತ್ತಾರೆ. ಒಬ್ಬರೂ ನನ್ನ ಹೆಸರು ತೆಗೆಯುವುದಿಲ್ಲ. ತೆಗೆದು ನಾಲ್ಕು ಮಾತು ಅಂದಿದ್ದರೆ ನಾನೂ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆ.

ಕೈಯಾರೆ ಬೆಳೆದ ಕಾಯಿಗೆ ರುಚಿಯಿದೆ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಬೆಳಿಗ್ಗೆ ಎದ್ದು ಎಲೆಯ ಮರೆಯಲ್ಲಿ ಕಾಯಿ ಹುಡುಕುವ ಸುಖವೂ ದೊಡ್ಡದು. ಬೆಳೆದದ್ದರಿಂದ ನಾನು ಕೆಡಲಿಲ್ಲ. ಕೊಡುಗೈಯವಳು ಎನ್ನಿಸಿಕೊಳ್ಳುವ ಆಸೆಯಿಂದ ಕೆಟ್ಟೆ. ನನಗೆ ಹೊತ್ತು ಕಳೆಯುವ ಆಟವಾಗಿದ್ದದ್ದು ಅವಳಿಗೆ ಅನ್ನವಾಗಿತ್ತು.

ಕಳೆದ ಚಳಿಗಾಲ ಹಳಿಯಾಳದ ಸಂಬಂಧಿಕರ ಮನೆಗೆ ಹೋಗಿದ್ದೆ. ಅಂದು ಸಂತೆ. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಸಂತೆಯಲ್ಲಿ ಸುತ್ತುತ್ತಿದ್ದಾಗ ಅವಳು ಕಂಡಳು. ತೆಳ್ಳಗಾಗಿದ್ದಳು. ಮಾರಲು ಕುಳಿತಿರಲಿಲ್ಲ. ಕೈಯಲ್ಲಿ ವಾಯರಿನ ಚೀಲ ಹಿಡಿದು, ಒಬ್ಬನ ರಾಶಿಯ ಮುಂದೆ ಬಗ್ಗಿ ಬದನೆಕಾಯಿ ಆರಿಸುತ್ತಿದ್ದಳು. ತಪ್ಪಿಸಿಕೊಂಡು ಹೋಗಿಬಿಡೋಣವೆನ್ನುವಷ್ಟರಲ್ಲಿ ಅವಳೇ ನೋಡಿ, ಮುಖ ಅರಳಿಸಿ ಹತ್ತಿರ ಬಂದಳು.

"ಅಕ್ಕಾರ, ಆರಾಮ ಅದೀರಿಲ್ಲರಿ?"

"ಆರಾಮ ಅದೇನಿ. ನೀ ಏನು, ಕಾಯಿಪಲ್ಲೆ ಕೊಳ್ಳಾಕತ್ತಿ?"

"ಏನ ಮಾಡೂದ್ರಿ, ಕೊಳ್ಳೂದಾತು. ನಮ್ಮ ಹಿತ್ತಲಾ ಬೀಳ ಬಿದ್ದು ಭಾಳ ದಿನಾ ಆತು. ಈಗ ಕಬ್ಬಿನ ಕೆಲಸಕ್ಕ ಹೋಗ್ತೇನಿ."

"ಬ್ಯಾರೆ ಓಣಿಗೆ ಹೋಗಬೇಕಾಗಿತ್ತು" ಎಂದೆ.

"ಬ್ಯಾರೆ ಓಣಿ ಬ್ಯಾರೆಯವರದೈತ್ರಿ, ಹೆಂಗ ಹೋಗೂದು? ಕೊಳ್ಳಾವರಿಲ್ಲದ ಮ್ಯಾಲ ಯಾರಿಗಂತ ಬೆಳೀಬೇಕ್ರಿ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಮಳೆ ಬರಲಿಲ್ಲ ಎನ್ನುವಂತೆ ಹೇಳಿದಳು. ತಪ್ಪಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು.

"ನಿಮ್ಮ ಹಿತ್ತಲಾ ಹೆಂಗೈತ್ರಿ?"

ಹಾಳಾಯಿತು ಎಂದು ಹೇಳಬೇಕಿತ್ತು. ಹೇಳಿದರೆ, ನಿನ್ನದನ್ನು ಕೆಡಿಸಿ ನನ್ನದನ್ನೂ ಉಳಿಸಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು.

"ಚಲೋ ಐತಿ" ಎಂದೆ.

"ಹೌದ್ರಿ? ಭಾಳ ಚಲೋ ಆತು" ಎಂದಳು. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು. "ಅಷ್ಟ ಕಾಳಜಿಲೇ ನೆಟ್ಟಿದ್ದೆ ನೋಡ್ರಿ, ಅದಾದ್ರೂ ಉಳೀತಲ್ಲ" ಎಂದು ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.