ಕಾಕಾ ನನಗೆ ಹಚ್ಚದ ಪದಕ

ಕಳೆದ ವಾರ ನಿಪ್ಪಾಣಿಯಲ್ಲಿ ಬಾಲ್ಯದ ಗೆಳೆಯನ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ. ಪಡಸಾಲೆಯ ಗೋಡೆಯ ಮೇಲೆ ಅವನ ಮದುವೆಯ ಫೋಟೋ. ಕೋಟಿನ ಎಡಗಡೆ, ಎದೆಯ ಮೇಲೆ, ದುಂಡನೆಯ ಬೆಳ್ಳಿ ಪದಕ. ಇಷ್ಟು ವರ್ಷಗಳ ಮೇಲೂ ನನ್ನ ಹೊಟ್ಟೆಯೊಳಗೆ ಅದೇ ಉರಿ...

ಆ ಪದಕ ನಮ್ಮ ಓಣಿಯವರೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಹಿರಿಯರದು. ಇಂಗ್ಲಿಷರ ದೊರೆ ಹಡಗಿನಲ್ಲಿ ಮುಂಬೈಗೆ ಬಂದಿಳಿದಾಗ ಸ್ವಾಗತದ ಬ್ಯಾಂಡಿನಲ್ಲಿ ಅವರ ತಂದೆ ಕಹಳೆ ಊದಿದ್ದರಂತೆ. ಆ ಭೇಟಿಯ ನೆನಪಿಗೆ ಕೊಟ್ಟದ್ದು. ಒಂದು ಬದಿಗೆ ರಾಜ ರಾಣಿಯರ ಮುಖ, ಇನ್ನೊಂದು ಬದಿಗೆ ನಮಗಾರಿಗೂ ಓದಲು ಬಾರದ ಅಕ್ಷರ. ಕಾಕಾರಿಗೆ ದೊರೆಯ ಮೇಲೆ ಭಕ್ತಿಯೇನೂ ಇರಲಿಲ್ಲ. ಅದು ಅಪ್ಪನ ಗಳಿಕೆ, ಅಷ್ಟೇ. ಓಣಿಯ ಯಾವ ಹುಡುಗ ಮದುಮಗನಾದರೂ ಅದನ್ನು ವಿಭೂತಿಯಿಂದ ತಿಕ್ಕಿ ತಂದು, ಮೆರವಣಿಗೆಗೆ ಮುಂಚೆ ಅವನ ಕೋಟಿಗೆ ಪಿನ್ನಿನಿಂದ ಹಚ್ಚುತ್ತಿದ್ದರು.

ಗೆಳೆಯನ ಮದುವೆಯಾದ ಮರುತಿಂಗಳೇ ನನ್ನದು. ಕಾಕಾ ಬಂದರು, ತಲೆಯ ಮೇಲೆ ಕೈಯಿಟ್ಟು ಹರಸಿದರು. ಕುದುರೆ ಬಾಗಿಲಲ್ಲಿ ಕಾಯುತ್ತಿತ್ತು. ನಾನು ಕೋಟಿನ ಗುಂಡಿ ಹಾಕುವುದನ್ನೇ ತಡಮಾಡಿದೆ.

"ಏನರ ಮರ್ತೀರೇನ್ರಿ ಕಾಕಾ?"

"ಏನೂ ಮರ್ತಿಲ್ಲಪಾ, ನಡಿ."

ಬರಿಯ ಕೋಟಿನಲ್ಲೇ ಹೋದೆ. ನನ್ನ ಮದುವೆಯ ಫೋಟೋ ನೋಡಿದಾಗಲೆಲ್ಲ ಹೆಂಡತಿಯ ಮುಖಕ್ಕಿಂತ ಮೊದಲು ಆ ಖಾಲಿ ಜಾಗವೇ ಕಣ್ಣಿಗೆ ಬೀಳುತ್ತಿತ್ತು. ನನಗಿಂತ ಆ ಗೆಳೆಯನಲ್ಲಿ ಏನು ಹೆಚ್ಚು ಕಂಡರು ಕಾಕಾ?

ಕಾಕಾ ಹಾಸಿಗೆ ಹಿಡಿದಾಗ ನೋಡಲು ಹೋದವನು, ನನಗೆ ಯಾಕೆ ಹಚ್ಚಲಿಲ್ಲವೆಂದು ಕೇಳಿಯೇಬಿಟ್ಟೆ. ಅವರು ದಿಂಬಿಗೆ ಒರಗಿ ಕೂತರು.

"ನಿಮ್ಮ ಅಜ್ಜ ಚಳವಳಿಯೊಳಗ ಇಂಗ್ಲಿಷರ ಜೇಲಿನಾಗ ಕೂತ ಬಂದಾವ್ರು. ಅವ್ರ ಮೊಮ್ಮಗನ ಎದಿ ಮ್ಯಾಲ ಆ ರಾಜನ ಮಾರಿ ಹಚ್ಚಾಕ ನನಗ ಕೈ ಬರಲಿಲ್ಲೋ."

"ಅಜ್ಜ ಜೇಲಿಗೆ ಹೋದ್ರ ನಾ ಏನ್ ಮಾಡಿದ್ನಿ ಕಾಕಾ? ನನಗ ಬೇಕಾಗಿತ್ರಿ."

ಕಾಕಾ ನಕ್ಕರು, ನಗು ಕೆಮ್ಮಾಯಿತು. "ಬಾಯಿ ಬಿಟ್ಟ ಕೇಳಬೇಕಿತ್ತಲ್ಲೋ ಹುಚ್ಚಾ..."

ಆ ಚಳಿಗಾಲ ಅವರು ದಾಟಲಿಲ್ಲ. ಅವರ ಮನೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಪದಕ ಕೊಲ್ಲಾಪುರದ ಮಗಳ ಹತ್ತಿರ ಇದೆಯಂತೆ. ಕಾರಣ ತಿಳಿದು ಅಜ್ಜನ ಬಗ್ಗೆ ಹೆಮ್ಮೆಪಟ್ಟೆ. ಅಸೂಯೆ ಮಾತ್ರ ಹೋಗಲಿಲ್ಲ.

ನಾಮಕರಣದ ಊಟವಾದ ಮೇಲೆ ಗೆಳೆಯನನ್ನು ಕೇಳಿದೆ, ಪದಕ ಹಚ್ಚಿಸಿಕೊಂಡ ಆ ದಿನದ್ದು ಏನು ನೆನಪಿದೆ ಎಂದು.

"ಪಿನ್ನ ನನಗ ಚುಚ್ಚಬಾರ್ದಂತ ಕಾಕಾ ಕೋಟಿನ ಒಳಗ ತಮ್ಮ ಅಂಗೈ ಇಟ್ಟಿದ್ರಲೇ," ಎಂದ. "ಬೆಚ್ಚಗಿತ್ತು."

ಆ ಅಂಗೈ ನನ್ನ ಎದೆಗೆ ಒಮ್ಮೆಯೂ ತಾಗಲಿಲ್ಲ. ಇನ್ನು ತಾಗುವುದೂ ಇಲ್ಲ.