ಸೂರು ಹೊದಿಸಿದವರ ಊಟ

ಆ ದ್ವೀಪದಲ್ಲಿ ಮೊದಲು ಕಂಡದ್ದು ಒಂದೂ ಎಲೆಯಿಲ್ಲದ ಗುಡ್ಡ. ಮಿಶಿಗನ್‌ನ ಜನವರಿಯಲ್ಲಿ ಬೋಳು ಮರ ನೋಡಿ ನನಗೆ ಅಭ್ಯಾಸವಿತ್ತು. ಇಲ್ಲಿ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಕೆಳಗೆ ಏನೂ ಆಗಿಲ್ಲವೆಂಬಂತೆ ಹೊಳೆಯುವ ಸಮುದ್ರ. ಗುಡ್ಡದ ಹಸಿರನ್ನೆಲ್ಲ ಚಂಡಮಾರುತ ಕಿತ್ತುಕೊಂಡು ಹೋಗಿತ್ತು. ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತೆ.

ಮಿಶಿಗನ್‌ನಲ್ಲಿ ನಾವಿದ್ದ ಲಿವೋನಿಯಾದ ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸಿನ ಊರು ಅದು. ಅವಳ ತಾಯಿಯ ಮನೆಯ ಸೂರು ಹಾರಿಹೋಗಿತ್ತು. ಕೆಲಸಕ್ಕೆ ಕೈ ಬೇಕು, ಬರುತ್ತೀರಾ ಎಂದು ಕೇಳಿದಳು. ನಾನು ತಕ್ಷಣ ಒಪ್ಪಿದ್ದು ಬರೀ ಪರೋಪಕಾರಕ್ಕಲ್ಲ. ನನ್ನ ಗಂಡನನ್ನು ಹೇಗಾದರೂ ಸೋಫಾದಿಂದ ಎಬ್ಬಿಸಬೇಕಿತ್ತು.

ಆಗ ರಿಸೆಶನ್. ಡೆಟ್ರಾಯಿಟ್ ಸುತ್ತ ಕಾರಿನ ಉದ್ಯಮ ನಂಬಿದ್ದ ಎಷ್ಟೋ ಜನ ಮನೆಗೆ ಬಂದು ಕೂತಿದ್ದರು. ಇಂಜಿನಿಯರ್ ಆದ ನನ್ನ ಗಂಡನ ಕೆಲಸವೂ ಬೇಸಿಗೆಯಲ್ಲೇ ಹೋಗಿತ್ತು. ಅದು ಯಾರಿಗೂ ಗೊತ್ತಾಗಬಾರದೆಂಬುದು ಅವರ ಹಟ. ಅಮೆರಿಕದಲ್ಲೇ, ಓಕ್ ಬ್ರೂಕ್‌ನಲ್ಲಿದ್ದ ಸ್ವಂತ ಅಣ್ಣನಿಗೂ ಹೇಳಿರಲಿಲ್ಲ. ಯಾರು ಊಟಕ್ಕೆ ಕರೆದರೂ "ಪ್ರಾಜೆಕ್ಟ್ ಬಿಜಿ" ಎಂಬ ಒಂದೇ ಮಂತ್ರ. ಕೊನೆಕೊನೆಗೆ ನನ್ನ ಜೊತೆಗೂ ಮಾತು ನಿಂತಿತು. ಮನುಷ್ಯ ಒಳಗೊಳಗೇ ಸವೆದುಹೋಗುತ್ತಿದ್ದಾರೆಂದು ನನಗೆ ಭಯ. ಭಯಕ್ಕಿಂತ ಹೆಚ್ಚಾಗಿ ಸಿಟ್ಟು.

ನರ್ಸಿನ ಊರಿನಲ್ಲಿ ಕಂಟ್ರ್ಯಾಕ್ಟರ್ ಇಲ್ಲ. ಒಂದು ದಿನಕ್ಕೆ ಒಂದು ಮನೆ ಅಂತ ಊರಿಗೆ ಊರೇ ಬಂದು ಸೂರು ಹೊದಿಸುತ್ತದೆ. ತಮ್ಮ ಮನೆಗೆ ಟಾರ್ಪಾಲು ಕಟ್ಟಿಕೊಂಡವರೇ ಇಲ್ಲಿ ಏಣಿ ಹತ್ತಿದ್ದರು. ಕೆಳಗೆ ಒಬ್ಬ ಮುದುಕ ಡೋಲು ಬಾರಿಸುತ್ತಿದ್ದ. ಅದರ ತಾಳಕ್ಕೆ ಅಷ್ಟೂ ಸುತ್ತಿಗೆ ಒಟ್ಟಿಗೆ ಬೀಳುತ್ತಿದ್ದವು. ಮೈ ಜುಮ್ಮೆಂದಿತು. ನನ್ನ ಗಂಡ ಮೇಲೆ ತಗಡಿಗೆ ಮೊಳೆ ಹೊಡೆಯುತ್ತ ಯಾರೊಂದಿಗೋ ನಕ್ಕಿದ್ದನ್ನೂ ಕಂಡೆ.

ಮಧ್ಯಾಹ್ನ ನರ್ಸಿನ ತಾಯಿ ಅಂಗಳದ ಒಲೆಯಿಂದ ದೊಡ್ಡ ಪಾತ್ರೆ ಇಳಿಸಿದರು. ದೀವಿಹಲಸು, ಬಾಳೆಕಾಯಿ, ಉಪ್ಪು ಮೀನು. ನಮಗೆಂದು ಮೀನಿಲ್ಲದ್ದನ್ನು ಬೇರೆಯೇ ಬೇಯಿಸಿದ್ದರು.

"ಬೇಡ ಆಂಟಿ, ಹಸಿವಿಲ್ಲ" ಎಂದೆ. ನನ್ನ ಗಂಡನೂ ಬೇಡವೆಂದರು. ನಮ್ಮಂಥ ಮೈಸೂರಿನವರಿಗೆ ಮೊದಲು ಬೇಡ ಅನ್ನುವುದೇ ಮರ್ಯಾದೆ. ಬಡಿಸುವವರು ಬಲವಂತ ಮಾಡಬೇಕು, ನಾವು ಸೋಲಬೇಕು. ಅಲ್ಲದೆ ಎಲ್ಲ ಕಳೆದುಕೊಂಡವರ ಅನ್ನ ಉಣ್ಣುವುದಾದರೂ ಹೇಗೆ?

ಆಕೆ ಬಲವಂತ ಮಾಡಲಿಲ್ಲ. ಸೌಟು ಕೆಳಗಿಟ್ಟರು. ಡೋಲು ನಿಂತಿತು. ತಟ್ಟೆ ಹಿಡಿದಿದ್ದವರೂ ಉಣ್ಣದೆ ನಮ್ಮನ್ನೇ ನೋಡಿದರು.

ನರ್ಸ್ ನನ್ನ ಕಿವಿಯಲ್ಲಿ ಹೇಳಿದಳು: "ಇಲ್ಲಿ ಕೆಲಸ ಮಾಡಿ ಊಟ ಬೇಡ ಅಂದ್ರೆ ನಮಗೆ ಭಿಕ್ಷೆ ಹಾಕಿದ ಹಾಗೆ. ನೀವು ಹೊಡೆದ ತಗಡು ಅಮ್ಮ ಬಿಚ್ಚಿಸಿಬಿಡ್ತಾಳೆ."

ನಾಚಿಕೆಯಿಂದ ಹಿಡಿಯಾಗಿ ನಾನು ತಟ್ಟೆ ಒಡ್ಡಿ ಕೂತೆ. ನನ್ನ ಗಂಡ ಮಾತ್ರ ನಿಂತೇ ಇದ್ದರು. ತಾಯಿ ಅವರ ಎದುರಿಗೆ ಬಂದರು.

"ಇವರ್ಯಾರೂ ತಾವಾಗಿ ಬಂದವರಲ್ಲ, ಮಗ. ಕರೆಯದೆ ಇಲ್ಲಿ ಯಾರೂ ಬರೋದಿಲ್ಲ. ನಾನೇ ಮನೆಮನೆಗೆ ಹೋಗಿ, ನನ್ನ ಸೂರು ಹೋಯ್ತು, ಬನ್ನಿ ಅಂದೆ. ಹಾಗೆ ಕೇಳಿದವಳ ಕೈಯಲ್ಲಿ ನೀನು ತಿನ್ನೋದಿಲ್ವಾ?"

ಆಕೆಯನ್ನೇ ನೋಡಿದೆ. ಸೂರು ಹೋದದ್ದು ಊರಿಗೆಲ್ಲ ಕಾಣುತ್ತಲೇ ಇತ್ತು. ಆದರೂ ಒಂದೊಂದು ಬಾಗಿಲಲ್ಲೂ ನಿಂತು ಅದನ್ನು ಬಾಯಿಬಿಟ್ಟು ಹೇಳಿದ್ದಳು ಈ ಹೆಂಗಸು. ಅಂಥ ಧೈರ್ಯವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನ ಗಂಡ ನೆಲದ ಮೇಲೆ ಕೂತರು. ತಟ್ಟೆಯಲ್ಲಿ ಬಿದ್ದದ್ದನ್ನೆಲ್ಲ ತಲೆ ಬಗ್ಗಿಸಿ ತಿಂದರು. ಡೋಲಿನ ಮುದುಕ ಪಕ್ಕಕ್ಕೆ ಬಂದು, ಅಮೆರಿಕದಲ್ಲಿ ಏನು ಕೆಲಸ ಎಂದು ವಿಚಾರಿಸಿದ. ಪ್ರಾಜೆಕ್ಟಿನ ಮಂತ್ರ ಈಗ ಬಂತು ಅಂದುಕೊಂಡೆ.

"ಕೆಲಸ ಇಲ್ಲ" ಎಂದರು. "ಹೋಯ್ತು."

ಮುದುಕ ತಲೆಯಾಡಿಸಿದ, ಅಷ್ಟೇ. ತಾಯಿ ಇನ್ನೊಂದು ಹೋಳು ದೀವಿಹಲಸು ಬಡಿಸಿದರು. ಅದನ್ನೂ ತಿಂದು ನನ್ನ ಕಡೆ ತಿರುಗಿದ ನನ್ನ ಗಂಡನ ಕಣ್ಣು ಕೆಂಪಾಗಿತ್ತು.

"ಇಲ್ಲಿ ಫೋನ್ ಎಲ್ಲಿ ಸಿಗತ್ತೆ ಕೇಳೇ. ಅಣ್ಣಂಗೆ ಹೇಳಬೇಕು."